ಹೇಮಾಳ ಮೂರನೆಯ ಪ್ರತಿ

ಹೇಮಾ ನನ್ನ ಹಳೆಯ ವಿದ್ಯಾರ್ಥಿನಿ. ಕಾಗಾಲದಲ್ಲಿ ಉಪ್ಪುನೀರಿನ ಅಂಚಿನ ಗಜನಿ ಗದ್ದೆ ಮಾಡುವವರ ಮಗಳು. ಎಂಟನೆಯ ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಲೆಕ್ಕ ತಪ್ಪಿ ಬರೆದಾಗ, ಎಲ್ಲರೆದುರು ಎದ್ದು ನಿಂತು ಹೇಳಿದ್ದಳು. ತಪ್ಪಿದ್ದದ್ದು ನಿಜ. ಆದರೂ ಆ ಸಿಟ್ಟು ಮೂವತ್ತು ವರ್ಷವಾದರೂ ನನಗೆ ಪೂರ್ತಿ ಇಳಿದಿರಲಿಲ್ಲ.

ಈಗ ಅವಳು ಕುಮಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ನಾನು ನಿವೃತ್ತನಾಗಿ ವಾಚನಾಲಯದ ಕಾರ್ಯದರ್ಶಿ. ಸುತ್ತಲಿನ ಊರುಗಳ ಹೆಂಗಸರು ನಾಟಿಗೆ, ಮದುವೆಗೆ ಹೇಳುವ ಹಾಡುಗಳನ್ನು ಅವಳು ಆರು ವರ್ಷ ಮನೆಮನೆ ತಿರುಗಿ ಮೊಬೈಲಿನಲ್ಲಿ ಹಿಡಿದಿದ್ದಳು. ಒಟ್ಟು ಆರುನೂರ ನಲವತ್ತು ಹಾಡು. ಅದರಲ್ಲಿ ಎಪ್ಪತ್ತು ಅವಳ ತಾಯಿ ನಾಗಮ್ಮನವು. ನಾಗಮ್ಮ ಹೋದ ವರ್ಷ ತೀರಿಕೊಂಡರು. ಆ ಹಾಡುಗಳನ್ನು ಯಾರು ಬೇಕಾದರೂ ಕೇಳುವಂತೆ ಒಂದು ವೆಬ್‌ಸೈಟ್ ಮಾಡಿ, ಸರ್ವರನ್ನು ವಾಚನಾಲಯದಲ್ಲೇ ಇಡೋಣ ಎಂದಳು.

ಒಂದು ತಿಂಗಳು ಕಾಗದದ ಮೇಲೆ ಗೀಚಿ, ಅಳಿಸಿ, ಮತ್ತೆ ಗೀಚಿ ಯೋಜನೆ ಹಾಕಿದಳು. ಸಮಿತಿಯ ಸಭೆಗೆ ಬಂದು ವಿವರಿಸಿದಳು.

"ಯಂತ್ರ ಒಂದೇ ಮಾಸ್ತರೇ. ಅದ್ರೊಳ್ಗೆ ಮೂರು ಸರ್ವರ್ ಬೇರೆಬೇರೆ ಇರ್ತದೆ. ಹಿಸೆ ಆದ ಮನೆ ಇದ್ದಾಂಗೆ, ಸೂರು ಒಂದು, ಒಲೆ ಮೂರು. ಒಂದು ಒಲೆ ಆರಿದ್ರೆ ಉಳ್ದವ್ರು ಉಪವಾಸ ಬೀಳೂದಿಲ್ಲ."

ಒಂದು ಒಲೆ ವೆಬ್‌ಸೈಟಿನ ಪುಟಗಳಿಗೆ, ಒಂದು ಹಾಡುಗಳಿಗೆ, ಇನ್ನೊಂದು ಹೊಸ ಧ್ವನಿಮುದ್ರಣ ಶುದ್ಧ ಮಾಡುವುದಕ್ಕೆ. ಯಾವುದಕ್ಕೆ ಎಷ್ಟು ಮೆಮೊರಿ ಎಂದು ಅಳೆದು ಕೊಟ್ಟು, ಕೇಳುವವರು ಹೆಚ್ಚಾದ ದಿನಕ್ಕೆಂದು ಒಂದಿಷ್ಟು ಮೀಸಲಿಟ್ಟಿದ್ದಳು. ಡಿಸ್ಕು ಎರಡು, ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬರೆದುಕೊಳ್ಳುತ್ತದೆ. ಇಷ್ಟರ ಮೇಲೆ ಮೂರನೆಯ ಪ್ರತಿಯೊಂದನ್ನು ಬಾಡ ಎಂಬ ಊರಿನಲ್ಲಿರುವ ತನ್ನ ಅಕ್ಕನ ಮನೆಯಲ್ಲಿ ಇಡಬೇಕೆಂದಳು.

"ಎರಡು ಇದ್ದ ಮೇಲೆ ಮೂರನೇದು ಎಂತಕ್ಕೆ? ಸಂಸ್ಥೆಯ ಸೊತ್ತು ಯಾರದೋ ಮನೇಲಿ ಇಡೂಕಾಗ್ತದಾ?" ಎಂದು ನಾನು ಅಡ್ಡ ಬಾಯಿ ಹಾಕಿ, ಬೇಡವೆಂದು ಠರಾವಿನಲ್ಲಿ ಬರೆಸಿಬಿಟ್ಟೆ. ಅವಳು "ಆತು ಮಾಸ್ತರೇ" ಎಂದು ಕೂತಳು. ನನಗೆ ಗೆದ್ದಷ್ಟು ಖುಷಿಯಾಯಿತು.

ವೆಬ್‌ಸೈಟ್ ಶುರುವಾಗಿ ಎರಡು ತಿಂಗಳಿಗೆ, ಮೇ ತಿಂಗಳ ಒಂದು ಬುಧವಾರ ಮಧ್ಯಾಹ್ನ ಗುಡುಗಿತು. ನಮ್ಮ ಕಡೆ ಮೊದಲ ಗುಡುಗು ಕೇಳಿದರೆ ಯಾರೂ ಯೋಚಿಸುತ್ತ ನಿಲ್ಲುವುದಿಲ್ಲ. ಟಿವಿ, ಫ್ರಿಜ್ಜು, ಇಂಟರ್‌ನೆಟ್ ವಯರು, ಎಲ್ಲದರ ಪ್ಲಗ್ಗನ್ನೂ ಕಿತ್ತು ಹಾಕುತ್ತೇವೆ. ವಾಚನಾಲಯದಲ್ಲಿದ್ದ ನನ್ನ ಕೈಯೂ ತಾನಾಗಿ ಪ್ಲಗ್ಗಿಗೆ ಹೋಯಿತು. ಪ್ಲಗ್ ಕಿತ್ತ ಕೂಡಲೇ ಸರ್ವರಿನ ಪಕ್ಕದ ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿತು. ಇದೊಂದು ಪೀಡೆ ಎಂದು ಬೈದು ಅದನ್ನೂ ಆರಿಸಿದೆ. 'ಗುಡುಗಿದರೂ ಮುಟ್ಟಬೇಡಿ, ನನಗೆ ಫೋನ್ ಮಾಡಿ' ಎಂದು ಅವಳು ಅಲ್ಲೇ ಚೀಟಿ ಅಂಟಿಸಿದ್ದಳು. ಓದಿದ್ದೆ ಕೂಡ. ಸಿಡಿಲೂ ಬೀಳಲಿಲ್ಲ, ಮಳೆಯೂ ಬರಲಿಲ್ಲ. ಹತ್ತು ನಿಮಿಷಕ್ಕೆ ಬಿಸಿಲು ಬಿತ್ತು.

ಪ್ಲಗ್ ಹಾಕಿ ಎಲ್ಲವನ್ನೂ ಮತ್ತೆ ಚಾಲೂ ಮಾಡಿದರೆ ವೆಬ್‌ಸೈಟಿನಲ್ಲಿ ಪುಟಗಳು ಬಂದವು, ಹಾಡು ಬರಲಿಲ್ಲ. ಹೇಮಾ ಓಡಿ ಬಂದು ಒಂದು ಗಂಟೆ ತಿಣುಕಿದಳು. ಎರಡು ಸರ್ವರ್ ಎದ್ದಿದ್ದವು. ಹಾಡುಗಳಿದ್ದ ಸರ್ವರ್ ಮಾತ್ರ ಏಳಲಿಲ್ಲ.

"ಇನ್ನೊಂದು ಡಿಸ್ಕ್ ಇದ್ಯಲೇ ತಂಗಿ?" ಎಂದೆ.

"ಅದು ಇದ್ರದ್ದೇ ಪಡಿಯಚ್ಚು ಮಾಸ್ತರೇ. ಬರಿತಾ ಇದ್ದಾಗ ಕರೆಂಟ್ ಹೋಯ್ತು. ಇದ್ಕೆ ಬಿದ್ದ ಪೆಟ್ಟು ಅದ್ಕೂ ಬಿದ್ದದೆ."

ಮೊಬೈಲಿನ ಮೆಮೊರಿ ಕಾರ್ಡುಗಳನ್ನು ಅಳಿಸಿ ಅಳಿಸಿ ಅವುಗಳಲ್ಲೇ ಹೊಸ ಹಾಡು ಹಿಡಿದವಳು ಅವಳು. ಮೂಲ ಎಲ್ಲೂ ಉಳಿದಿರಲಿಲ್ಲ. ಮೂರನೆಯ ಪ್ರತಿ ಬೇಡವೆಂದು ಬರೆಸಿದವನು ನಾನು, ಪ್ಲಗ್ ಕಿತ್ತವನೂ ನಾನು. ತೀರಿಹೋದವರನ್ನು ಎರಡನೆಯ ಸಲ ಮಣ್ಣು ಮಾಡಿದವನೂ ನಾನೇ. ಅವಳು ಬೈಯಲಿಲ್ಲ. ಸ್ಕೂಟರಿನ ಕೀಲಿ ಹಿಡಿದು, "ಬನ್ನಿ, ಬಾಡಕ್ಕೆ ಹೋಗ್ವ" ಎಂದಳು.

ಬಾಡದಲ್ಲಿ ಅವಳ ಅಕ್ಕ ಏಣಿ ಇಟ್ಟು ಅಟ್ಟ ಹತ್ತಿದಳು. ಹುಲ್ಲಿನಲ್ಲಿ ಕಟ್ಟಿದ ಬೀಜದ ಭತ್ತದ ಮುಡಿಗಳ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದಳು. ಡಬ್ಬಿಯಲ್ಲಿ ಒಂದು ಡಿಸ್ಕು.

"ಗಜನಿ ಕಟ್ಟೆ ಒಡೆದ್ರೆ ಉಪ್ಪುನೀರು ನಮ್ಮನೆವರೆಗೂ ಬರ್ತದೆ," ಎಂದಳು ಹೇಮಾ. "ಅದ್ಕೇ ಅವ್ವ ಬೀಜದ ಭತ್ತ ಅರ್ಧ ಯಾವಾಗ್ಲೂ ಇಲ್ಲಿ ಇಡ್ತಿದ್ಲು. ನೀವು ಸಂಸ್ಥೆಯ ಸೊತ್ತು ಇಡ್ಬೇಡ ಅಂದ್ರಿ, ಇಡ್ಲಿಲ್ಲ. ಇದು ನನ್ನ ಡಿಸ್ಕು. ಪ್ರತಿ ಆಯ್ತವಾರ ತಕಂಡೋಗಿ ಹೊಸದು ತುಂಬಿ ತಂದಿಡ್ತೆ."

ಜಗಲಿಯ ಮೇಲೆ ಲ್ಯಾಪ್‌ಟಾಪಿಗೆ ಡಿಸ್ಕು ಜೋಡಿಸಿದಳು. ಆರುನೂರ ನಲವತ್ತೂ ಇದ್ದವು. ಒಂದನ್ನು ಒತ್ತಿದಳು. ಹಾಡಿಗೆ ಮೊದಲು ನಾಗಮ್ಮನ ಮಾತು ಕೇಳಿಸಿತು: "ಹೇಮಾ, ಆ ಕೋಳಿ ಓಡ್ಸೇ ಮೊದ್ಲು."

"ಓಡ್ಸ್ದೆ ಅವ್ವಾ," ಎಂದಳು ಜಗಲಿಯ ಮೇಲೆ ಕೂತ ಹೇಮಾ. ಅಕ್ಕತಂಗಿಯರು ನಗುತ್ತ ಕಣ್ಣೊರೆಸಿಕೊಂಡರು. ನನಗೆ ಹೋದ ಜೀವ ಬಂದಂತಾಗಿ, ಮೆಟ್ಟಿಲ ಮೇಲೆ ಕೂತು ನಾನೂ ಅತ್ತೆ.

ಮುಂದಿನ ಸಭೆಯಲ್ಲಿ ಹೇಮಾ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದಳು. ಈ ಸಲ ತಪ್ಪು ಯಾರದೆಂದು ಹೇಳಲು ಅವಳು ಏಳಬೇಕಾಗಲಿಲ್ಲ. ಎಲ್ಲರೆದುರು ನಾನೇ ಎದ್ದು ನಿಂತೆ.