ಲೈನ್‌ಮನ್ ನಿಗದಿ ಮಾಡಿದ ಪ್ಲಾಸ್ಮಾ

ಸೂರ್ಯನೊಳಗೆ ನಡೆಯುವ ಕೆಲಸವನ್ನು ಭೂಮಿಯ ಮೇಲೆ ಒಂದು ಯಂತ್ರದಿಂದ ಮಾಡಿಸಬೇಕೆಂದು ಜಗತ್ತಿನ ದೊಡ್ಡ ದೊಡ್ಡವರೆಲ್ಲ ಹೆಣಗುತ್ತಿದ್ದಾರೆ. ಅವರಿಗೆ ನೆರವಾಗಲು ನಾನು ಐದು ವರ್ಷ ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿದೆ. ಆ ಯಂತ್ರದೊಳಗೆ ವಿಪರೀತ ಕಾದ ಅನಿಲವೇ ಪ್ಲಾಸ್ಮಾ. ಅದರಲ್ಲಿ ಕೆಲವು ಎಲೆಕ್ಟ್ರಾನ್‌ಗಳು ಯಾರ ಮಾತೂ ಕೇಳದೆ ವೇಗ ಹಿಡಿದು, ಅಲೆಗಳನ್ನೆಬ್ಬಿಸುತ್ತವೆ. ಕೈತಪ್ಪಿದರೆ ಯಂತ್ರದ ಗೋಡೆಯನ್ನೇ ಸುಡುತ್ತವೆ. ಆ ಅಲೆ ಯಾವಾಗ ಏಳುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಪಿಎಚ್.ಡಿ. ಯಂತ್ರವನ್ನು ನಾನು ನೋಡಿಲ್ಲ. ನನ್ನ ಗೈಡ್ ಕೂಡ ಫೋಟೋದಲ್ಲೇ ನೋಡಿದ್ದು.

ಕಂಪ್ಯೂಟರ್ ಸಮಯವನ್ನು ಸಣ್ಣ ಸಣ್ಣ ಸ್ಟೆಪ್‌ಗಳಾಗಿ ಕತ್ತರಿಸಿಕೊಂಡು ಲೆಕ್ಕ ಮಾಡುತ್ತದೆ. ಸ್ಟೆಪ್ ಸಣ್ಣದಾದಷ್ಟೂ ಉತ್ತರವನ್ನು ನಂಬಬಹುದು, ಕಾಯುವುದೂ ಅಷ್ಟೇ ಹೆಚ್ಚು. ಬೇರೆ ಕಡೆ ಸ್ಟೆಪ್ ಎಷ್ಟಿರಬೇಕೆಂದು ಭೌತಶಾಸ್ತ್ರ ಹೇಳುತ್ತದಂತೆ. ನಮ್ಮ ಲ್ಯಾಬಿಗೆ ಹೇಳಿದ್ದು ಲೈನ್‌ಮನ್. ಮಧ್ಯಾಹ್ನ ಎರಡಕ್ಕೆ ಕರೆಂಟ್ ತೆಗೆಯುತ್ತಿದ್ದ ಕಾಲದಲ್ಲಿ, ಬೆಳಿಗ್ಗೆ ಹಾಕಿದ ಲೆಕ್ಕ ಅಷ್ಟರೊಳಗೆ ಮುಗಿಯಲೆಂದು ಗೈಡ್ ತಮ್ಮ ವಿದ್ಯಾರ್ಥಿ ದಿನಗಳಲ್ಲಿ ಒಂದು ಸಂಖ್ಯೆ ಗೊತ್ತುಮಾಡಿದ್ದರು. ಅವರ ಡಾಕ್ಟರೇಟ್ ಬಂದದ್ದೂ ಅದರಲ್ಲೇ. ಈಗ ಕರೆಂಟ್ ಅಷ್ಟಾಗಿ ಹೋಗುವುದಿಲ್ಲ, ಸಂಖ್ಯೆ ಮಾತ್ರ ಉಳಿದಿದೆ. ಹೊಸಬರಿಗೆ ಲ್ಯಾಬಿನ ಬೀಗದ ಕೈ ಜೊತೆ ಅದನ್ನೂ ಕೊಡುವುದು ನಮ್ಮ ಸಂಪ್ರದಾಯ. ಅದನ್ನು ಬದಲಿಸುವುದೆಂದರೆ ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋದ ಹಾಗೆ.

ಆ ಸಂಖ್ಯೆಯ ಕೃಪೆಯಿಂದ ನನ್ನ ಅಲೆ ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತಿತ್ತು. ಗೈಡ್ ಬಹಳ ಖುಷಿಪಟ್ಟರು. ಪ್ರಬಂಧ ಸಲ್ಲಿಸುವ ಮುನ್ನ ಎಲ್ಲರೆದುರು ವಿವರಿಸುವ ಸಭೆಗೆ ಸೋಮವಾರ ಗೊತ್ತಾಯಿತು. ಒಂದು ಕಾಲೇಜಿನಲ್ಲಿ ನನಗೆ ಕೆಲಸವೂ ಸಿಕ್ಕಿತ್ತು. ತಿಂಗಳೊಳಗೆ ಪ್ರಬಂಧ ಸಲ್ಲಿಸಿರಬೇಕು ಎಂಬುದಷ್ಟೇ ಅವರ ಷರತ್ತು.

ಸಭೆಯ ಹಿಂದಿನ ವಾರ ಅಕ್ಕನ ಮಗುವಿನ ನಾಮಕರಣಕ್ಕೆ ಅಮೃತೂರಿಗೆ ಹೋದೆ. ಓದುವವಳೆಂದು ಮೂರು ದಿನ ಅಡುಗೆಮನೆಗೂ ನನ್ನನ್ನು ಸೇರಿಸಲಿಲ್ಲ, ಕೈಗೆ ಕೆಲಸವಿರಲಿಲ್ಲ. ಸ್ಟೆಪ್ ಅರ್ಧ ಮಾಡಿದರೆ ಗ್ರಾಫ್ ಇನ್ನೂ ನುಣುಪಾಗಿ ಬಂದೀತು, ಸಭೆಯಲ್ಲಿ ಚೆಂದ ಕಂಡೀತು ಎಂದು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಚ್ಚಿ ಕೂತೆ. ಸತ್ಯಶೋಧನೆ ಎಂದು ಯಾರೂ ತಪ್ಪು ತಿಳಿಯಬೇಡಿ, ಬರೀ ಶೋಕಿ.

ಅಕ್ಕನ ಅತ್ತೆ ಲ್ಯಾಪ್‌ಟಾಪನ್ನು ಮುಟ್ಟಿ ನೋಡಿದರು. "ನೆನ್ನೆಯಿಂದ ಒಂದೇ ಸಮ ಕಾಯ್ತಾ ಐತೆ. ಏನವ್ವ ಬೇಯಿಸ್ತಿದೀಯ?"

"ಎಲೆಕ್ಟ್ರಾನು, ಅತ್ತೆ."

"ಬೆಂದಿರ್ತೈತೆ, ಇಳಿಸ್ಬುಡು."

ಇಳಿಸಿ ನೋಡಿದೆ. ಗ್ರಾಫ್ ನುಣುಪಾಗೇ ಇತ್ತು, ಅಲೆಯೇ ಇರಲಿಲ್ಲ. ಇನ್ನೊಮ್ಮೆ ಅರ್ಧ ಮಾಡಿದೆ. ಮತ್ತದೇ ಚಪ್ಪಟೆ ಗೆರೆ. ಉಕ್ಕುತ್ತಿದ್ದ ಅಲೆ ಪ್ಲಾಸ್ಮಾದ್ದಲ್ಲ, ದೊಡ್ಡ ಸ್ಟೆಪ್ಪಿನ ತಪ್ಪು. ಐದು ವರ್ಷ ನಾನು ಅಳೆದದ್ದು ನಮ್ಮ ಲ್ಯಾಬಿನ ಅವಸರವನ್ನು. ನಾಮಕರಣದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಕೊಟ್ಟಿಗೆಗೆ ಹೋಗಿ ಅತ್ತುಬಿಟ್ಟೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕುಣಿಗಲ್‌ನಲ್ಲಿ ತುಮಕೂರಿನ ಬಸ್ಸು ಹತ್ತುವಾಗ ಹಾಗೇ ಇರುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಹೆಬ್ಬೂರು ದಾಟುವಷ್ಟರಲ್ಲಿ ಆ ಗಟ್ಟಿತನವೆಲ್ಲ ಇಳಿದುಹೋಗಿತ್ತು. ನೇರ ಗೈಡ್ ಕೋಣೆಗೆ ಹೋಗಿ ಹಳೆಯದು, ಹೊಸದು ಎರಡೂ ಗ್ರಾಫ್ ಮುಂದಿಟ್ಟೆ.

ಅವರು ಎರಡನ್ನೂ ಅಕ್ಕಪಕ್ಕ ಜೋಡಿಸಿಕೊಂಡರು. "ಅರ್ಧ ಮಾಡು ಅಂತ ಯಾರಮ್ಮ ಹೇಳಿದ್ದು ನಿಂಗೆ?"

"ಯಾರೂ ಹೇಳ್ಲಿಲ್ಲ ಸರ್."

"ಬೇರೆ ಯಾರ್ಗಾದ್ರೂ ತೋರ್ಸಿದೀಯಾ?"

"ಇಲ್ಲ ಸರ್."

ಮುಚ್ಚಿಡು ಎನ್ನುತ್ತಾರೆಂದು ಕಾದೆ. ನಿಜ ಹೇಳಬೇಕೆಂದರೆ, ಅನ್ನಲಿ ಎಂದೇ ಆಸೆಪಟ್ಟೆ. ಅಂದಿದ್ದರೆ ಪಾಪ ಅವರ ಪಾಲಿಗೆ, ಕೆಲಸ ನನ್ನ ಪಾಲಿಗೆ. ಅವರು ಎದ್ದು ಬೀರುವಿನಿಂದ ತಮ್ಮ ಪ್ರಬಂಧ ತೆಗೆದು, ಒಂದು ಗ್ರಾಫಿನ ಮೇಲೆ ಬೆರಳಿಟ್ಟರು.

"ಇದ್ನೂ ಅರ್ಧ ಮಾಡಿ ಓಡ್ಸಮ್ಮ. ನಂಗೆ ಕೈ ಬರಲ್ಲ."

ಶನಿವಾರ, ಭಾನುವಾರ ಓಡಿಸಿದೆ. ಉತ್ತರ ಕೊಡುವಾಗ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಕಾಲೇಜಿನ ಕೆಲಸ ಬೇರೆ ಯಾರಿಗೋ ಹೋಯಿತು, ಅದಕ್ಕೆ ಹೊಟ್ಟೆ ಇವತ್ತಿಗೂ ಉರಿಯುತ್ತದೆ. ಆದರೆ ಸೋಮವಾರದ ಸಭೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಗೈಡ್ ಎದ್ದು ಬಂದು, ತಮ್ಮ ಚಪ್ಪಟೆ ಗೆರೆಯನ್ನು ತಾವೇ ಗೋಡೆಯ ಮೇಲೆ ಹಾಕಿ, "ಇದು ನನ್ನ ಡಾಕ್ಟರೇಟು" ಎಂದರು.