ಹುಡುಗನ ಬೆನ್ನ ಹಿಂದಿನ ಕೆರೆ

ಹುಡುಗನ ಫೋಟೋ ಬಂತು. ಮನೆಮಂದಿಯೆಲ್ಲ ಸುತ್ತ ಕೂತು ನೋಡಿದರು. ನೋಡಿದ್ದು ಏನನ್ನು? ಹುಡುಗನ ಬೆನ್ನ ಹಿಂದಿನ ನೀರನ್ನು!

ನಗಬೇಡಿ. ನವಲಗುಂದದ ಕಡೆಗೆ ಹೆಣ್ಣು ಕೊಡುವವರು ಮೊದಲು ವಿಚಾರಿಸುವುದೇ ಕೆರೆಯನ್ನು. ಅಲ್ಲಿ ಬಾವಿ ತೋಡಿದರೆ ಸವಳು ನೀರು. ಕುಡಿಯಲು ಕೆರೆಯೇ ಗತಿ. ಬಮ್ಮಿಗಟ್ಟಿಯಲ್ಲಿರುವ ನನ್ನ ಅಣ್ಣನಿಗೆ ಇದು ಗೊತ್ತಿತ್ತು. ಆ ಕಪ್ಪು-ಬಿಳುಪು ಫೋಟೋದಲ್ಲಿ ಹುಡುಗ ಟೆರಿಲಿನ್ ಅಂಗಿ ತೊಟ್ಟು ಕೆರೆಗಿಳಿಯುವ ಪಾವಟಿಗೆಯ ಮೇಲೆ ನಿಂತಿದ್ದ. ಹಿಂದೆ ದಂಡೆ ಮುಟ್ಟುವ ನೀರು. ದೀಪಾವಳಿ ಹೊತ್ತಿಗೆ ಮನೆ ನೋಡಲು ಹೋದಾಗಲೂ ಕೆರೆ ಹಾಗೇ ತುಂಬಿತ್ತು. ಅಣ್ಣ ಒಪ್ಪಿದ. ಹಿರಿಯ ಮಗಳು ನೀಲವ್ವನ ಮದುವೆಯಾಯಿತು.

ಬೇಸಿಗೆಯಲ್ಲಿ ಅವಳು ಗಂಡನ ಮನೆಗೆ ಹೋದಾಗ ಕೆರೆ ಬತ್ತಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಫೋಟೋ ನಿಜ, ಕೆರೆಯೂ ನಿಜ. ಮಳೆಗಾಲದ ನಿಜ, ಅಷ್ಟೇ.

ಮದುವೆಯಾಗಿ ಕೆಲವು ವರ್ಷಗಳ ಮೇಲೆ, ಈ ಬೇಸಿಗೆಯಲ್ಲಿ ಅವಳನ್ನು ನೋಡಿ ಬರಲು ಹೋಗಿದ್ದೆ. ಹೆಗಲಿಗೆ ಕ್ಯಾಮೆರಾ ಇತ್ತು (ಸೆಕೆಂಡ್ ಹ್ಯಾಂಡ್. ಅದಿಲ್ಲದೆ ನಾನು ಸಂತೆಗೂ ಹೋಗುವುದಿಲ್ಲವೆಂದು ಮನೆಯಲ್ಲಿ ದೂರು). ಬಸ್ಸಿಳಿದರೆ ಎದುರಿಗೇ ಕೆರೆ. ಬಿರುಕುಬಿಟ್ಟ ಮಣ್ಣಿನ ನಡುವೆ ಒರತೆ ತೋಡಿ ಹೆಂಗಸರು ಬಟ್ಟಲಿನಿಂದ ನೀರು ಮೊಗೆದು ಕೊಡ ತುಂಬಿಸುತ್ತಿದ್ದರು. ದಂಡೆಯ ಆಚೆ ಸರಕಾರದ ಹೊಸ ಟ್ಯಾಂಕ್. ಕಟ್ಟಿ, ಬಣ್ಣ ಬಳಿದು, ನಳಗಳನ್ನೂ ಹಾಕಿ ಹೋಗಿದ್ದಾರೆ. ನೀರೊಂದು ಬಂದಿಲ್ಲ.

ಕೊಡ ಹೊತ್ತು ಮೇಲೆ ಬಂದ ನೀಲವ್ವ ನನ್ನನ್ನು ಕಂಡು ನಿಂತಳು.

"ಕಾಕಾ, ನಂದೊಂದ್ ಫೋಟೋ ತಗೀರಿ. ಇಲ್ಲೇ, ಕೆರಿ ಕಾಣೂ ಹಂಗ."

"ಮನಿಗೆ ಹೋಗೂಣು ನಡಿಯವಾ. ಚಲೋ ಸೀರಿ ಉಟ್ಕೊಂಡ್ ನಿಂದರು."

"ಬ್ಯಾಡ್ರಿ. ಇದನ್ನ ಅಪ್ಪಗ ತೋರಸ್ರಿ. ಶಾಂತಾನ್ನ ಈ ಊರಿಗೆ ಕೊಡಬ್ಯಾಡ ಅನ್ರಿ."

ಶಾಂತಾ ಅವಳ ತಂಗಿ. ನೀಲವ್ವನ ಮೈದುನ ಈರಣ್ಣನಿಗೆ ಅವಳನ್ನು ಕೇಳಿದ್ದರು. ಮಾತು ಹೆಚ್ಚೂಕಡಿಮೆ ಮುಗಿದೇ ಹೋಗಿತ್ತು.

"ನೀನ ಹೇಳಬಾರದೇನು?" ಎಂದೆ.

"ನಾ ಹೇಳಿದ್ರ ಅತ್ತಿ ಮನಿ ಚಾಡಿ ಹೇಳಿದಂಗ ಆಗತೈತ್ರಿ."

"ತಂಗಿ ಬಂದ್ರ ನಿನಗೂ ಜೋಡಿ ಆಕ್ಕಾಳಲ್ಲ?"

ಅವಳು ಕೊಡ ಇಳಿಸಿ ಸೆರಗು ಸರಿಸಿದಳು. ಸಿಂಬೆ ಕೂರುವ ಜಾಗದಲ್ಲಿ, ನೆತ್ತಿಯ ಮೇಲೆ, ಕೂದಲು ಸವೆದು ಚರ್ಮ ಕಾಣುತ್ತಿತ್ತು.

"ಜೋಡಿ ಯಾರಿಗೆ ಬ್ಯಾಡ್ರಿ ಕಾಕಾ? ಆಕಿ ಬರ್ತಾಳಂತ ಕನಸ ಕಾಣಾಕತ್ತಿದ್ದೆ. ಆದ್ರ ಆಕಿ ಜಡಿ ಎಷ್ಟ್ ಉದ್ದ ಐತಿ, ನಿಮಗ ಗೊತ್ತೈತಲ್ಲ."

ಫೋಟೋ ತೆಗೆದೆ. ತೊಳೆಸಿ ಬಮ್ಮಿಗಟ್ಟಿಗೆ ಒಯ್ದು ಕೊಟ್ಟು, ಅವಳ ಮಾತನ್ನೂ ಹೇಳಿದೆ.

ಅಣ್ಣ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಮಗಳು ಇಷ್ಟು ಸೊರಗಿದ್ದು ಅವನಿಗೆ ಗೊತ್ತಿರಲಿಲ್ಲ. ಮರುದಿನವೇ ಸಂಬಂಧ ಬೇಡವೆಂದು ಹೇಳಿ ಕಳಿಸಿದ. ಶಾಂತಾಳನ್ನು ಹತ್ತಿರದ ಕಲಘಟಗಿಯಲ್ಲೇ ಕೊಡುವುದೆಂದು ನಿಶ್ಚಯವಾಯಿತು. ಅಲ್ಲಿ ಹಿತ್ತಲಲ್ಲೇ ಸಿಹಿನೀರ ಬಾವಿ. ಸುದ್ದಿ ಮುಟ್ಟಿದ ದಿನ ನೀಲವ್ವ ಒರತೆಯ ಬಳಿ ಒಬ್ಬಳೇ ಕೂತು ಅತ್ತಳಂತೆ.

ಇಷ್ಟಕ್ಕೇ ಮುಗಿದಿದ್ದರೆ ಒಬ್ಬ ಮಗಳಾದರೂ ಉಳಿದಳು ಎಂದುಕೊಳ್ಳುತ್ತಿದ್ದೆ. ಮೊನ್ನೆ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಈರಣ್ಣ ಸಿಕ್ಕ. ಒಳ್ಳೆಯ ಹುಡುಗ. ಬೇಸಿಗೆಯಲ್ಲಿ ಎತ್ತಿನ ಚಕ್ಕಡಿಗೆ ಬ್ಯಾರೆಲ್ ಕಟ್ಟಿ ದೂರದ ಕಾಲುವೆಯಿಂದ ಓಣಿಗೆಲ್ಲ ನೀರು ತರುವವನು ಅವನೇ. ನನಗೆ ಚಹಾ ಕುಡಿಸಿದ. ಲೋಟದಲ್ಲೇ ಕಣ್ಣಿಟ್ಟು ಕೇಳಿದ:

"ಕಾಕಾ, ನನ್ನೊಳಗ ಏನ್ ಕಮ್ಮಿ ಕಂಡ್ರಿ?"

"ಏನೂ ಇಲ್ಲಪಾ" ಎಂದೆ. ನಿಜವನ್ನೇ ಹೇಳಿದೆ. ಅವನು ನಂಬಲಿಲ್ಲ. ಅತ್ತಿಗೆಯೇ ಬೇಡವೆಂದಳೆಂದು ಅವನಿಗೆ ಹೇಗೆ ಹೇಳಲಿ? ಬಸ್ ಬಂತು. ನಮಸ್ಕಾರ ಮಾಡಿ ಹತ್ತಿದ.

ಊರಿಗೆ ನೀರು ಕೊಡದ ಸರಕಾರ ಈ ಹುಡುಗನಿಗೊಂದು ಹೆಣ್ಣನ್ನಾದರೂ ಹುಡುಕಿಕೊಟ್ಟೀತೇ?