ಎರಡು ಸಲ ನೋಡಿ ಒತ್ತು

ಟೀಚರ ಮಗಳು ಮನೆ ಖಾಲಿ ಮಾಡುವಾಗ ನನಗೊಂದು ಹಳೆಯ ನಿಘಂಟು ಕೊಟ್ಟಿದ್ದಳು. ನಿನ್ನೆ ಅದರಿಂದ ಮಡಚಿದ ಕ್ಯಾಲೆಂಡರ್ ಹಾಳೆ ಬಿತ್ತು. ಹಿಂಬದಿಯಲ್ಲಿ ಟೀಚರ ದುಂಡಗಿನ ಅಕ್ಷರ: ಈಮೇಲ್ ಕಳಿಸುವ ಕ್ರಮ, ಒಂದು, ಎರಡು, ಮೂರು…

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಅವರು ನಮ್ಮ ಕೆಳಗಿನ ಮನೆಯವರು. ಕನ್ನಡ ಶಾಲೆಯಿಂದ ನಿವೃತ್ತರಾದ ಮೇಲೆ ಹಳೆ ವಿದ್ಯಾರ್ಥಿಗಳಿಗೆ ಪ್ರತಿ ಭಾನುವಾರ ಪತ್ರ ಬರೆಯುತ್ತಿದ್ದರು. ಮೊಬೈಲ್ ಗುಂಪುಗಳು ಇನ್ನೂ ಬಂದಿರದ ಕಾಲ. ಮೇಲಿಂಗ್ ಲಿಸ್ಟ್ ಮಾಡಿಕೊಟ್ಟವನು ನಾನು. ಒಂದೇ ವಿಳಾಸಕ್ಕೆ ಬರೆದರೆ ಮೂವತ್ತು ಜನರಿಗೂ ತಲುಪುತ್ತಿತ್ತು. 'ಮನೆ ಮಕ್ಕಳಿಗೆ' ಎಂದು ಶುರುಮಾಡಿ, ಯಾರು ಮಗ್ಗಿ ತಪ್ಪಿದ್ದರು, ಯಾರು ಚಪ್ಪಲಿ ಕಳೆದಿದ್ದರು, ಎಲ್ಲ ಬರೆಯುತ್ತಿದ್ದರು. ಮನೆಯೊಳಗಿನ ಮಾತಲ್ಲವೇ…

ನನಗೋ ಅತಿಬುದ್ಧಿ. ಶಾಲೆಯ ಸುದ್ದಿಗೆಂದು ನಾನೇ ಶುರುಮಾಡಿದ ಬ್ಲಾಗಿಗೆ ಬರೆಯಲು ಸೋಮಾರಿತನ. ಲಿಸ್ಟಿಗೆ ಬಂದ ಪತ್ರ ತಾನಾಗಿ ಬ್ಲಾಗಿನಲ್ಲೂ ಬೀಳುವಂತೆ ಎರಡನ್ನೂ ಜೋಡಿಸಿದೆ. ಟೀಚರಿಗೆ ಹೇಳಲಿಲ್ಲ. ಹೇಳಿದರೂ ಅವರಿಗೇನು ತಿಳಿಯುತ್ತದೆ ಎಂಬ ಸೊಕ್ಕು.

ಮೂರನೆಯ ವಾರ, ಪಕ್ಕದ ಊರು ಕಲ್ಯಾಣದಲ್ಲಿ ಹೋಟೆಲ್ ಇಟ್ಟಿದ್ದ ಶಿಷ್ಯನ ಬಗ್ಗೆ ಬರೆದರು. ಅವನ ಮದುವೆ ನಿಶ್ಚಯವಾದ ಖುಷಿ ಅವರಿಗೆ. ಚಿಕ್ಕಂದಿನಲ್ಲಿ ಅವನು ಹಸಿವು ತಾಳದೆ ಬೇರೆ ಮಕ್ಕಳ ಡಬ್ಬಿ ಕದ್ದು ತಿಂದದ್ದು, ಆಮೇಲೆ ತಾವು ದಿನಾ ಎರಡು ಡಬ್ಬಿ ಒಯ್ಯುತ್ತಿದ್ದುದು, ಎಲ್ಲ ಬರೆದಿದ್ದರು. ಹುಡುಗಿಯ ಕಡೆಯವರು ಅವನ ಹೆಸರು ಹಾಕಿ ಹುಡುಕಿದಾಗ ಮೊದಲು ಸಿಕ್ಕಿದ್ದೇ ಆ ಬ್ಲಾಗು. ಮದುವೆಯೇನೋ ಮುರಿಯಲಿಲ್ಲ. ಆದರೆ ಬೀಗರ ಮನೆಯಲ್ಲಿ ಅವನು 'ಡಬ್ಬಿ ಕಳ್ಳ'ನಾದ.

ಅವನು ಬಂದಾಗ ನಾನು ಟೀಚರ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ. ಅವನು ಚಪ್ಪಲಿ ಕಳಚಲಿಲ್ಲ. ಬಾಗಿಲಲ್ಲೇ ನಿಂತು, "ಟೀಚರ್, ನನ್ನ ಡಬ್ಬಿಯ ಕತೆ ಬ್ಲಾಗಿಗೆ ಹಾಕಿ ಇಡೀ ಊರಿಗೆ ಸಾರುದಾ? ನೀವು ಅಂತ ಸುಮ್ನಿದ್ದೇನೆ" ಎಂದು ಹೊರಟುಹೋದ.

ಟೀಚರ್ ನನ್ನ ಕಡೆ ತಿರುಗಿದರು. "ನಾನೇ ಎಂತದೋ ತಪ್ಪು ಒತ್ತಿರ್ಬೇಕು, ಅಲ್ವಾ ಮಾರಾಯ?"

"ಒಮ್ಮೊಮ್ಮೆ ಹಾಗೆ ಆಗ್ತದೆ ಟೀಚರ್" ಎಂದೆ.

ಥೂ, ನನ್ನ ನಾಲಿಗೆಗಿಷ್ಟು! ಮೇಲೆ ಹೋಗಿ ಬ್ಲಾಗಿನಿಂದ ಪತ್ರ ಅಳಿಸಿದೆ, ಜೋಡಣೆ ಬಿಚ್ಚಿದೆ. ನಾಳೆ ಹೇಳೋಣ, ನಾಳೆ ಹೇಳೋಣ… ಟೀಚರ್ ಮತ್ತೆಂದೂ ಭಾನುವಾರದ ಪತ್ರ ಬರೆಯಲಿಲ್ಲ. ಅವನೂ ಬರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಒಮ್ಮೆ ಟೀಚರ್ ನನ್ನೆದುರಿಗೇ ತಮ್ಮಷ್ಟಕ್ಕೆ ಅಂದುಕೊಂಡರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಈಗ ಟೀಚರ್ ಇಲ್ಲ. ಹಾಳೆಯ ಕೊನೆಯಲ್ಲಿ, ಬೇರೆ ಶಾಯಿಯಲ್ಲಿ, ತಮಗೆ ತಾವೇ ಬರೆದುಕೊಂಡ ಸಾಲು: 'ಎರಡು ಸಲ ನೋಡಿ ಒತ್ತು. ನಿನ್ನಿಂದ ಒಬ್ಬ ಮಗ ದೂರವಾದ.'

ಇವತ್ತು ಅದನ್ನು ಹಿಡಿದುಕೊಂಡು ಕಲ್ಯಾಣಕ್ಕೆ ಹೋಗಿ ಅವನ ಮುಂದೆ ಎಲ್ಲ ಒಪ್ಪಿಕೊಂಡೆ. ಅವನು ಆ ಸಾಲು ಓದಿ, ಹಾಳೆ ಮಡಚಿ ನನ್ನ ಕೈಗೇ ಕೊಟ್ಟ.

"ನನಗೆ ಹೇಳಿ ಎಂತ ಪ್ರಯೋಜನ?" ಎಂದ. "ಟೀಚರಿಗೆ ಹೇಳ್ಬೇಕಿತ್ತು."